ಸಾಲು ತಪ್ಪದ ಕೈ

ನನಗೆ ಹೇಸಿಗೆ ಬೇಗ ಬರುತ್ತದೆ. ಹೆಮ್ಮೆಯಿಂದ ಹೇಳುತ್ತಿಲ್ಲ, ಹುಟ್ಟುಗುಣ, ಏನು ಮಾಡಲಿ. ಕೋಲಾರದ ಟೊಮೊಟೊ ಮಾರುಕಟ್ಟೆಯ ಕಡೆ ಬಸ್ಸು ತಿರುಗಿದರೆ ಸಾಕು, ಕೊಳೆತ ಹಣ್ಣಿನ ಹುಳಿನಾತಕ್ಕೆ ಸೆರಗು ತಾನಾಗಿ ಮೂಗಿಗೆ ಹೋಗುತ್ತದೆ. ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರಿದ್ದಾರೆ, ಟೀಯೊಳಗೆ ಮುರಿದುಬಿದ್ದ ಬಿಸ್ಕತ್ತನ್ನು ಬೆರಳು ಅದ್ದಿ ಎತ್ತಿ ತಿನ್ನುತ್ತಾರೆ. ಅವರು ಲೋಟ ಹಿಡಿದರೆ ನಾನು ಎದ್ದು ಕ್ಲಾಸಿಗೆ ಹೊರಡುತ್ತೇನೆ, ಗಂಟೆ ಹೊಡೆಯದಿದ್ದರೂ. ಮನೆಯವರು ನನ್ನನ್ನು 'ಥೂ ಮಹಾರಾಣಿ' ಎಂದು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನಾನೀಗ ಹೇಳಬೇಕೆಂದಿರುವ ಹೇಸಿಗೆಗೂ ಮೂಗಿಗೂ ಸಂಬಂಧವಿಲ್ಲ. ಅದು ಹತ್ತಿಕೊಂಡು ಎರಡು ವರ್ಷವಾಯಿತು, ಇನ್ನೂ ಬಿಟ್ಟಿಲ್ಲ.

ಕೋಲಾರದ ಒಂದು ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತೇನೆ. ನಮ್ಮ ಹುಡುಗ ಹುಡುಗಿಯರಲ್ಲಿ ಎಷ್ಟೋ ಜನ ಪದವಿ ಮುಗಿಯುವ ಮೊದಲೇ ನರಸಾಪುರದ ಕಂಪನಿ ಬಸ್ಸು ಹತ್ತುತ್ತಾರೆ. ರಾತ್ರಿ ಶಿಫ್ಟು ಮುಗಿಸಿ ಬಂದವರು ನನ್ನ ಪಾಠದಲ್ಲಿ ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತಾರೆ. ಸಂಶೋಧನೆ ಎಂಬ ಮಾತು ನಮ್ಮಲ್ಲಿ ವರ್ಷಕ್ಕೊಮ್ಮೆ, ಫಾರಂ ತುಂಬುವಾಗ ಮಾತ್ರ ಕೇಳಿಬರುತ್ತದೆ. ಅಂಥದ್ದರಲ್ಲಿ ಬೆಂಗಳೂರಿನ ಒಂದು ಪ್ರಯೋಗಾಲಯದ ಪ್ರೊಫೆಸರರು ತರಬೇತಿಯೊಂದರಲ್ಲಿ ಪರಿಚಯವಾದರು. ಅವರ ಬಳಿ ಪ್ಲಾಸ್ಟಿಕ್ ಕಡ್ಡಿಗಳನ್ನು ಕಾಯಿಸಿ ಕೂದಲಿನಷ್ಟು ತೆಳ್ಳಗೆ ಎಳೆಯುವ ಕುಲುಮೆ ಇತ್ತು. "ಕಡ್ಡಿ ನಾನು ಕೊಡ್ತೀನಿ, ನೀವು ಬೆರೆಸಿ ಕಂತೆ ಕಟ್ಟಿಕೊಂಡು ಬನ್ನಿ, ಎಳೆದುಕೊಡ್ತೀನಿ. ನನ್ನ ಸ್ಟೂಡೆಂಟ್ಸ್ ಯಾರೂ ಈ ಕೂಲಿ ಕೆಲಸಕ್ಕೆ ಕೈ ಹಾಕಲ್ಲ," ಎಂದರು. ನಾನು ಮರುಮಾತಿಲ್ಲದೆ ಒಪ್ಪಿಕೊಂಡೆ.

ವಿಷಯ ಇಷ್ಟೇ. ಮನೆಗೆ ಇಂಟರ್ನೆಟ್ ತರುವ ಫೈಬರಿನಲ್ಲಿ ಮಧ್ಯೆ ಒಂದು ಬಗೆಯ ಗಾಜು, ಸುತ್ತ ಇನ್ನೊಂದು ಬಗೆಯ ಗಾಜು ಇರುತ್ತದೆ. ಬೆಳಕು ಮಧ್ಯದ ಗಾಜನ್ನು ಬಿಟ್ಟು ಆಚೆ ಬರುವಂತಿಲ್ಲ. ಪ್ರೊಫೆಸರರು ಹೇಳಿದ ಫೈಬರಿನಲ್ಲಿ ಮಧ್ಯವೂ ಇಲ್ಲ, ಸುತ್ತಲೂ ಇಲ್ಲ. ಎರಡು ಬಗೆಯ ಪಾರದರ್ಶಕ ಪ್ಲಾಸ್ಟಿಕ್ಕಿನ ಸಾವಿರಾರು ಕಡ್ಡಿಗಳನ್ನು ಯಾವ ಕ್ರಮವೂ ಇಲ್ಲದಂತೆ ಬೆರೆಸಿ, ಒಂದೇ ಕಂತೆ ಮಾಡಿ, ಕಾಯಿಸಿ ಎಳೆಯಬೇಕು. ಒಂದು ತುದಿಯಲ್ಲಿ ಹೊಕ್ಕ ಬೆಳಕು ಪಕ್ಕಕ್ಕೆ ಹರಡಲು ನೋಡುತ್ತದೆ. ಹೆಜ್ಜೆಹೆಜ್ಜೆಗೂ ಬೇರೆ ಪ್ಲಾಸ್ಟಿಕ್ ಎದುರಾಗಿ ಅಡ್ಡಾದಿಡ್ಡಿ ಚದುರುತ್ತದೆ. ಚದುರಿದ ಅಲೆಗಳು ಒಂದನ್ನೊಂದು ಅಳಿಸಿಹಾಕಿ ಪಕ್ಕದ ದಾರಿಯೇ ಮುಚ್ಚಿಹೋಗುತ್ತದೆ. ಉಳಿಯುವುದು ಮುಂದಿನ ದಾರಿ ಒಂದೇ. ಹಾಗಾಗಿ ಹೊಕ್ಕ ಜಾಗದ ನೇರಕ್ಕೇ ಆ ತುದಿಯಲ್ಲಿ ಹೊರಬರುತ್ತದೆ. ಈ ತುದಿಗೆ ಒಂದು ಅಕ್ಷರ ಹಿಡಿದರೆ ಆ ತುದಿಯಲ್ಲಿ ಅದೇ ಅಕ್ಷರ ಕಾಣಬೇಕು. ಕ್ರಮ ಇತ್ತೋ, ಕೆಟ್ಟಿತು. ಬೆಳಕು ಸಾಲು ಹಿಡಿದು ಪಕ್ಕಕ್ಕೆ ಓಡಿಬಿಡುತ್ತದೆ, ಚಿತ್ರ ಕಲಸಿಹೋಗುತ್ತದೆ. ಕಡ್ಡಿಗಳು ಎಷ್ಟು ಅಸ್ತವ್ಯಸ್ತವೋ ಚಿತ್ರ ಅಷ್ಟು ಸ್ಪಷ್ಟ. ಟವೆಲಿನ ಅಂಚು ಸರಿಯಾಗಿ ಕೂಡಲಿಲ್ಲವೆಂದು ಎರಡು ಸಲ ಮಡಚುವ ನನ್ನಂಥವಳಿಗೆ ಇದು ಯಾಕೆ ಅಷ್ಟು ಹಿಡಿಸಿತೋ ತಿಳಿಯದು. ಆ ವಾರವೆಲ್ಲ ಸಿಕ್ಕವರಿಗೆಲ್ಲ ಅದನ್ನೇ ಕೊರೆದೆ.

ಮೊದಲು ಕಾಲೇಜಿನಲ್ಲೇ ಮಾಡಿಸಲು ನೋಡಿದೆ. ವಿದ್ಯಾರ್ಥಿಗಳು ಒಂದು ದಿನ ಉತ್ಸಾಹದಿಂದ ಕೂತರು. ಎರಡನೆಯ ದಿನ ಒಂದು ಡಬ್ಬದ ಕಡ್ಡಿಯನ್ನು ಇನ್ನೊಂದಕ್ಕೆ ಸುರಿದು, ಎರಡು ಸಲ ಅಲ್ಲಾಡಿಸಿ, "ಆಯ್ತು ಮೇಡಂ" ಎಂದು ತಂದಿಟ್ಟರು. ಅರ್ಧ ಕಡ್ಡಿ ಮುರಿದಿದ್ದವು, ಮೇಲೊಂದು ಜಾತಿ ಕೆಳಗೊಂದು ಜಾತಿ ಹಾಗೇ ಇದ್ದವು. ಕೈಕೆಲಸ ಬಲ್ಲವರು ಬೇಕಿತ್ತು. ನನಗೆ ಗೊತ್ತಿದ್ದ ಕೈಗಳಲ್ಲಿ ಎಲ್ಲಕ್ಕಿಂತ ಒಳ್ಳೆಯ ಕೈ ನನ್ನ ಚಿಕ್ಕಮ್ಮನದು.

ಚಿಕ್ಕಮ್ಮ ನನ್ನ ತಾಯಿಯ ತಂಗಿ. ಮುಳಬಾಗಿಲು ತಾಲೂಕಿನಲ್ಲಿ, ತಾಯಲೂರಿನಿಂದ ಒಳಗೆ ಒಂದು ಹಳ್ಳಿಯಲ್ಲಿದ್ದಾಳೆ. ನಲವತ್ತು ವರ್ಷದಿಂದ ರೇಷ್ಮೆ ನೂಲು ಬಿಚ್ಚುತ್ತಿದ್ದಾಳೆ. ಮನೆಗೆ ತಗುಲಿಕೊಂಡೇ ತಗಡಿನ ಶೆಡ್ಡು, ಅದರೊಳಗೆ ಬಿಸಿನೀರಿನ ತೊಟ್ಟಿಗಳು. ಬೇಯುವ ಗೂಡಿನಿಂದ ಎಳೆ ಹುಡುಕಿ, ಏಳೆಂಟು ಎಳೆ ಕೂಡಿಸಿ ಒಂದು ನೂಲು ಮಾಡಿ ರಾಟೆಗೆ ಕೊಡುತ್ತಾಳೆ. ಒಂದು ಗೂಡಿನ ಎಳೆ ಮುಗಿದು ನೂಲು ಒಂದಿಷ್ಟೇ ತೆಳುವಾದರೂ ನೋಡದೆಯೇ ಅವಳ ಬೆರಳಿಗೆ ತಿಳಿಯುತ್ತದೆ. ನೂಲು ಕೊಳ್ಳುವವರು ಬೇರೆಯವರ ಲಡಿ ಬಿಚ್ಚಿ ಬೆಳಕಿಗೆ ಹಿಡಿದು ನೋಡುತ್ತಾರೆ. ಅವಳದ್ದನ್ನು ನೋಡುವುದಿಲ್ಲ. ಅವಳಿಗೆ ಇರುವ ಜಂಬ ಅದೊಂದೇ.

ಹೈಸ್ಕೂಲಿನ ಮೂರು ವರ್ಷ ನಾನು ಅವಳ ಮನೆಯಲ್ಲಿದ್ದು ಓದಿದೆ. ಬೆಂದ ಹುಳುವಿನ ನಾತ ಗೊತ್ತಿಲ್ಲದವರಿಗೆ ಅದನ್ನು ಹೇಳಿ ತಿಳಿಸಲಾಗುವುದಿಲ್ಲ. ಅದು ಗೋಡೆಗೆ ಹತ್ತುತ್ತದೆ, ಹಾಸಿಗೆಗೆ ಹತ್ತುತ್ತದೆ, ಮೊಸರನ್ನಕ್ಕೂ ಹತ್ತುತ್ತದೆ. ಎಳೆ ಮುಗಿದ ಗೂಡಿನಿಂದ ಕಂದುಬಣ್ಣದ ಹುಳು ಉದುರಿ ತೊಟ್ಟಿಯಲ್ಲಿ ತೇಲುತ್ತಿತ್ತು. ಸಂಜೆ ಅದನ್ನು ಜರಡಿಯಲ್ಲಿ ಎತ್ತಿ ಮೂಲೆಗೆ ಸುರಿದರೆ ನೊಣಗಳ ಜಾತ್ರೆ. ಕ್ಲಾಸಿನಲ್ಲಿ ನನ್ನ ಪಕ್ಕ ಕೂತ ಹುಡುಗಿ ಬೆಂಚಿನ ತುದಿಗೆ ಸರಿದು ಸರಿದು ಒಂದು ದಿನ ಬಿದ್ದೇ ಹೋದಳು. ಅವತ್ತಿನಿಂದ ನಾನು ಆ ಶೆಡ್ಡಿನೊಳಗೆ ಕಾಲಿಟ್ಟಿರಲಿಲ್ಲ. ಚಿಕ್ಕಮ್ಮ ಊಟಕ್ಕೆ ಬಡಿಸುವಾಗ ಕೈ ನೋಡದೆ ತಟ್ಟೆ ನೋಡುತ್ತಿದ್ದೆ. ಅವಳಿಗೆ ಅದು ಗೊತ್ತಿತ್ತು. ಬಡಿಸುವ ಮೊದಲು ಎರಡೆರಡು ಸಲ ಸೋಪು ಹಾಕಿ ತೊಳೆದುಕೊಳ್ಳುತ್ತಿದ್ದಳು.

ಕಡ್ಡಿಯ ಎರಡು ಡಬ್ಬ ಮತ್ತು ಪ್ರೊಫೆಸರರು ಕೊಟ್ಟಿದ್ದ ಚೌಕದ ತಗಡಿನ ಅಚ್ಚನ್ನು ಹೊತ್ತು ನಾನು ಬಸ್ಸಿಳಿದಾಗ ಅವಳು ಅಂಗಳದಲ್ಲಿ ಹಿಪ್ಪುನೇರಳೆ ಸೊಪ್ಪಿನ ಕಡ್ಡಿ ಗುಡಿಸುತ್ತಿದ್ದಳು. ಡಬ್ಬ ಬಿಚ್ಚಿ ತೋರಿಸಿದೆ. ಎರಡೂ ಕಡ್ಡಿ ಪೊರಕೆಕಡ್ಡಿಯಷ್ಟು ದಪ್ಪ, ಎರಡೂ ನೀರಿನ ಬಣ್ಣ, ನನ್ನ ಕಣ್ಣಿಗೆ ಒಂದೇ. ಅವಳು ಒಂದೊಂದನ್ನು ಹೆಬ್ಬೆರಳಿನಲ್ಲಿ ಉಜ್ಜಿ ನೋಡಿ, "ಇದು ಸ್ವಲ್ಪ ನಿಧಾನಸ್ತೆ, ಬಗ್ಗಿದ್ರೆ ಬಗ್ತದೆ. ಇದು ಗರಿಗರಿ ಐತೆ, ಮುರಿದ್ರೆ ಟಕ್ ಅಂತದೆ," ಎಂದಳು. ಅಲ್ಲೇ ಹೆಸರಿಟ್ಟಳು. ನಿಧಾನದ್ದು ಅಕ್ಕ, ಗರಿಗರಿ ತಂಗಿ.

"ಏನ್ ಮಾಡ್ಬೇಕೇ ಇವನ್ನ?"

"ಬೆರೆಸಿ ಈ ಅಚ್ಚಲ್ಲಿ ತುಂಬ್ಬೇಕು ಚಿಕ್ಕಮ್ಮ. ಚೆನ್ನಾಗಿ ಬೆರೆಸ್ಬೇಕು."

"ಚೆನ್ನಾಗಿ ಅಂದ್ರೆ ಎಷ್ಟು ಚೆನ್ನಾಗಿ?"

"ನಿನ್ ಕೈಲಿ ಎಷ್ಟಾಗುತ್ತೋ ಅಷ್ಟು ಚೆನ್ನಾಗಿ."

ಆಮೇಲೆ ಬೆಳಕಿನ ವಿಷಯ ಹೇಳಿದೆ. ಇದನ್ನು ಎಳೆದು ನೂಲಿನಂತೆ ಮಾಡುತ್ತಾರೆ, ಈ ತುದಿಗೆ ಅಕ್ಷರ ಹಿಡಿದರೆ ಆ ತುದಿಯಲ್ಲಿ ಕಾಣುತ್ತದೆ ಎಂದೆ. ಕ್ರಮ ಇರಬಾರದು ಎಂಬ ಮುಖ್ಯ ಮಾತನ್ನು ಹೇಳಲಿಲ್ಲ. ಬೆರೆಸು ಎಂದಮೇಲೆ ಇನ್ನೇನು ಹೇಳುವುದಿದೆ ಎಂದುಕೊಂಡಿದ್ದೆ. ಅವಳು ಕಡ್ಡಿಯನ್ನು ಬಿಸಿಲಿಗೆ ಹಿಡಿದು, "ನನ್ ಕೈಲಿ ಬೆರ್ಸಿದ್ರಾಗೆ ಅಕ್ಷರ ಹೋಗ್ತದಾ? ನಂಗೂ ತೋರಿಸ್ತೀಯಾ?" ಎಂದು ಕೇಳಿದಳು. ತೋರಿಸುತ್ತೇನೆ ಎಂದೆ.

ಹದಿನೈದು ದಿನ ಹಿಡಿಯಿತು. ನಡುವೆ ಎರಡು ಸಲ ಹೋಗಿದ್ದೆ. ಎರಡು ಸಲವೂ ಅವಳು ಶೆಡ್ಡಿನೊಳಗೆ, ತೊಟ್ಟಿಯ ಪಕ್ಕದ ಹಲಗೆಯ ಮೇಲೆ ಅಚ್ಚಿಟ್ಟುಕೊಂಡು ಕೂತಿದ್ದಳು. ಆ ಕಡೆ ಗೂಡು ಬೇಯುತ್ತಿತ್ತು. "ಒಳಕ್ ಬಾರೇ, ಹೆಂಗ್ ಬಂದೈತೆ ನೋಡು," ಎಂದು ಕರೆದಳು. ನಾನು ಹೊರಗೆ ಹುಣಸೆಮರದ ಕೆಳಗೆ ಸೆರಗು ಮೂಗಿಗೆ ಹಿಡಿದು ನಿಂತು, "ಚೆನ್ನಾಗೇ ಬಂದಿರುತ್ತೆ ಬಿಡು, ಬೇಗ ಮುಗಿಸು," ಎಂದು ಕೂಗಿದೆ. ಹತ್ತು ಹೆಜ್ಜೆ. ಹತ್ತು ಹೆಜ್ಜೆ ಒಳಗೆ ಇಟ್ಟಿದ್ದರೆ ಅವತ್ತೇ ಎಲ್ಲ ಗೊತ್ತಾಗುತ್ತಿತ್ತು. ಮೂರನೆಯ ಸಲ ಹೋದಾಗ ಅಚ್ಚಿನ ಎರಡೂ ತುದಿಗೆ ಬಿಳಿ ಬಟ್ಟೆ ಸುತ್ತಿ, ದಾರದಲ್ಲಿ ಕಟ್ಟಿ ಇಟ್ಟಿದ್ದಳು. ಅದಕ್ಕೂ ಆ ನಾತ ಹತ್ತಿತ್ತು. ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಬಾಯಿಗೆ ಗಂಟು ಹಾಕಿ, ಬಿಚ್ಚಿ ನೋಡದೆ ಬೆಂಗಳೂರಿಗೆ ಒಯ್ದೆ.

ಕುಲುಮೆಯ ಕೆಲಸ ಒಂದು ದಿನದ್ದು. ಎಳೆದ ಫೈಬರಿನ ಒಂದು ತುಂಡನ್ನು ಕತ್ತರಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟು ಪ್ರೊಫೆಸರರು ಬಗ್ಗಿದರು. ಬಗ್ಗಿದವರು ಎದ್ದೇಳಲಿಲ್ಲ. ಆಮೇಲೆ ಹೆಗಲು ಕುಲುಕತೊಡಗಿತು, ನಗುತ್ತಿದ್ದರು. "ನೋಡಿ," ಎಂದು ನನಗೆ ಜಾಗ ಬಿಟ್ಟರು. ನೋಡಿದೆ. ಚೌಕ, ಚೌಕ, ಚೌಕ. ಒಂದು ಮಸುಕು ಒಂದು ಹೊಳಪು, ಒಂದು ಮಸುಕು ಒಂದು ಹೊಳಪು. ಕೆಳಗಿನ ಸಾಲಿನಲ್ಲಿ ಹೊಳಪಿನ ಕೆಳಗೆ ಮಸುಕು, ಮಸುಕಿನ ಕೆಳಗೆ ಹೊಳಪು. ಜಮಖಾನದ ಹಾಗೆ ಈ ಅಂಚಿನಿಂದ ಆ ಅಂಚಿನವರೆಗೆ ಒಂದೇ ಒಂದು ಕಡ್ಡಿ ಸಾಲು ತಪ್ಪಿರಲಿಲ್ಲ.

"ಯಾರ್ರೀ ಮಾಡಿದ್ದು? ಮಷೀನಾ? ಇದೇ ಬೇಕು ಅಂತ ಕೇಳಿದ್ರೂ ಇಷ್ಟು ಕ್ರಮವಾಗಿ ಕೈಯಲ್ಲಿ ಜೋಡಿಸೋರು ನನಗೆ ಸಿಗ್ತಿರಲಿಲ್ಲ. ಬೇಡ ಅಂದ್ರೆ ಸಿಕ್ಕಿದ್ದಾರೆ!" ಎಂದು ತಮ್ಮ ವಿದ್ಯಾರ್ಥಿಗಳನ್ನೆಲ್ಲ ಕರೆದರು. ಅವರೆಲ್ಲ ಸರದಿಯಲ್ಲಿ ಬಗ್ಗಿ ನೋಡಿ ನಕ್ಕರು. ಒಂದು ತುದಿಗೆ 'ಅ' ಅಕ್ಷರ ಹಿಡಿದರು. ಇನ್ನೊಂದು ತುದಿಯಲ್ಲಿ ಗಂಜಿ ಚೆಲ್ಲಿದಂಥ ಒಂದು ಬಿಳಿ ಕಲೆ. ಕುಲುಮೆ ಮತ್ತೆ ಯಾವಾಗ ಸಿಗುತ್ತದೆ ಎಂದು ಕೇಳಿದೆ. ನೋಡೋಣ ಎಂದರು. ಆ ನೋಡೋಣದ ಅರ್ಥ ನನಗೆ ಗೊತ್ತು, ನಾನೂ ವಿದ್ಯಾರ್ಥಿಗಳಿಗೆ ಅದನ್ನೇ ಹೇಳುತ್ತೇನೆ.

ಹಿಂದಿರುಗುವ ಬಸ್ಸಿನಲ್ಲಿ ಹೊಸಕೋಟೆ ದಾಟುವ ಹೊತ್ತಿಗೆ ತಪ್ಪು ಎಲ್ಲಿ ಆಯಿತೆಂದು ಹೊಳೆಯಿತು. ನೂಲು ಬಿಚ್ಚುವವರು ಗೂಡನ್ನೂ ಬೆರೆಸುತ್ತಾರೆ. ಒಬ್ಬ ರೈತನ ಗೂಡಿನ ಎಳೆ ತೆಳ್ಳಗೆ, ಇನ್ನೊಬ್ಬನದು ದಪ್ಪ. ಒಂದೇ ಕಡೆ ತೆಳ್ಳನೆಯದು ಬಿದ್ದರೆ ನೂಲು ಅಲ್ಲಿ ಸಣ್ಣಗಾಗುತ್ತದೆ. ಅದಕ್ಕೇ ಪ್ರತಿ ತೊಟ್ಟಿಗೂ ಎರಡೂ ಸಮಸಮ ಬೀಳುವಂತೆ ಬೆರೆಸುತ್ತಾರೆ. ಚಿಕ್ಕಮ್ಮನ ಕೈಗೆ ಬೆರೆಸುವುದೆಂದರೆ ಯಾರಿಗೂ ಹೆಚ್ಚು ಕಡಿಮೆಯಾಗದಂತೆ ಹಂಚುವುದು. ಅಕ್ಕನ ಪಕ್ಕ ಅಕ್ಕ ಕೂತರೆ ಅವಳ ಲೆಕ್ಕದಲ್ಲಿ ಅದು ಬೆರೆತಂತಲ್ಲ. ನಾನು 'ಚೆನ್ನಾಗಿ' ಎಂದೆ. ಅವಳು ಚೆನ್ನಾಗಿ ಮಾಡಿದಳು.

ಇಷ್ಟು ತಿಳಿದಮೇಲೂ ನಾನು ಮಾಡಿದ್ದೇನು? ಆ ಭಾನುವಾರ ತಾಯಲೂರಿನ ಬಸ್ಸು ಹತ್ತಿ ಹೋಗಿ ಅವಳನ್ನು ಬೈದೆ. ಪ್ರೊಫೆಸರರ ಹುಡುಗರು ನಕ್ಕ ನಗೆ ಮೈಮೇಲೆ ಹರಿದಾಡುತ್ತಿತ್ತು, ಅದನ್ನು ಯಾರ ಮೇಲಾದರೂ ಒರೆಸಬೇಕಿತ್ತು. "ಹುಳ ಬೇಯ್ಸಿ ಬೇಯ್ಸಿ ನಿನ್ ತಲೇನೂ ಬೆಂದೋಗಿದೆ. ಸಾಲಾಗಿ ಇಡು ಅಂತ ನಿಂಗೆ ಹೇಳ್ದೋರ್ ಯಾರು? ಎಲ್ಲಾ ಹಾಳು ಮಾಡ್ದೆ," ಎಂದೆ. ಬರೆಯುವಾಗಲೂ ಬಾಯಿ ಕಹಿಯಾಗುತ್ತದೆ. ಇನ್ನೂ ಎರಡು ಮಾತು ಆಡಿದ್ದೇನೆ, ಅವನ್ನು ಇಲ್ಲಿ ಬರೆಯಲಾರೆ.

ಅವಳು ಅಳಲಿಲ್ಲ, ತಿರುಗಿ ಬೈಯಲೂ ಇಲ್ಲ. "ತಪ್ಪಿತಾ? ಎಲ್ಲಿ ತಪ್ಪಿದೆ? ಯಾವ ಸಾಲಲ್ಲಿ? ಒಂದೊಂದೂ ಎರಡೆರಡು ಸಲ ಮುಟ್ಟಿ ನೋಡೀನಲ್ಲೇ," ಎಂದಳು.

"ಸಾಲು ಇರೋದೇ ತಪ್ಪು!" ಎಂದು ಕೂಗಿ ಬಂದುಬಿಟ್ಟೆ.

ಸಾಲಿರುವುದು ಹೇಗೆ ತಪ್ಪಾಗುತ್ತದೆ ಎಂಬುದು ಅವಳಿಗೆ ಅರ್ಥವಾಗಲೇ ಇಲ್ಲ. ಆಗುವುದಾದರೂ ಹೇಗೆ? ಆಮೇಲೆ ಎಂಟು ದಿನಕ್ಕೊಮ್ಮೆ ಫೋನು ಮಾಡುತ್ತಿದ್ದಳು. ಮಳೆ, ಮಾವು, ನನ್ನ ಸೊಂಟನೋವು ಎಲ್ಲ ಆದಮೇಲೆ ಕೊನೆಗೆ ಬಂದೇ ಬರುತ್ತಿತ್ತು. "ಅದೇ ಕಣೇ, ನನ್ ಕೈ ಎಲ್ಲಿ ತಪ್ಪಿತು ಅಂತ ಹೇಳ್ಳಿಲ್ಲ ನೀನು." ನಲವತ್ತು ವರ್ಷದಲ್ಲಿ ಅವಳ ಕೈ ತಪ್ಪಿದೆ ಎಂದು ಹೇಳಿದವಳು ನಾನೊಬ್ಬಳೇ. ಅವಳು ನೂಲು ಬಿಚ್ಚಲು ಕೂತಾಗ ಈಗೀಗ ಎಳೆ ಹರಿಯುತ್ತದೆ ಎಂದು ಪಕ್ಕದ ಮನೆಯವರಿಂದ ತಿಳಿಯಿತು. ಕೈ ಮೇಲೆ ನಂಬಿಕೆ ಹೋಗಿತ್ತು. ತಪ್ಪು ನಿನ್ನದಲ್ಲ, ನಾನು ಹೇಳಿದ ಮಾತಿನದು, ನಾನು ಒಳಗೆ ಬಂದು ನೋಡದ್ದು ಎಂದು ಒಂದು ವಾಕ್ಯ ಹೇಳಿದ್ದರೆ ಮುಗಿಯುತ್ತಿತ್ತು. 'ಬಂದಾಗ ಹೇಳ್ತೀನಿ' ಎನ್ನುತ್ತಿದ್ದೆ. ಹೋಗುತ್ತಿರಲಿಲ್ಲ.

ಅಷ್ಟರಲ್ಲಿ ಕಾಲೇಜಿಗೆ ಸಮಿತಿ ಬರುವ ಸುದ್ದಿ ಬಂತು. ಕಾಲೇಜುಗಳನ್ನು ನೋಡಿ ದರ್ಜೆ ಕೊಡುವ ಸಮಿತಿ. ಅದು ಬರುತ್ತದೆಂದರೆ ನಮ್ಮಲ್ಲಿ ನಡೆಯುವುದನ್ನು ನೋಡಿದರೆ ಯಾರಿಗಾದರೂ ವಾಕರಿಕೆ ಬರಬೇಕು. ಹತ್ತು ವರ್ಷದಿಂದ ಸೋರುತ್ತಿದ್ದ ಶೌಚಾಲಯದ ಬಾಗಿಲಿಗೆ ಬಣ್ಣ ಬಳಿದರು, ಸೋರುವುದನ್ನು ಹಾಗೇ ಬಿಟ್ಟರು. ಎಲ್ಲಿಂದಲೋ ಬಾಡಿಗೆಗೆ ಕುಂಡಗಳು ಬಂದವು. ಓದಲು ಯಾರೂ ಹೋಗದ ಗ್ರಂಥಾಲಯದಲ್ಲಿ ಕೂರಲು ವಿದ್ಯಾರ್ಥಿಗಳಿಗೆ ಪಾಳಿ ಹಾಕಿದರು. ನಮ್ಮ ಪ್ರಾಂಶುಪಾಲರು ಕರಾವಳಿ ಕಡೆಯವರು, ಮಾತು ಮೆದು, ಬೈದರೂ ಹೊಗಳಿದಂತಿರುತ್ತದೆ. ನನ್ನನ್ನು ಕರೆದರು.

"ನಿಮ್ಮದು ಆ ಫೈಬರ್ ಪ್ರಾಜೆಕ್ಟ್ ಉಂಟಲ್ಲ ಮೇಡಂ. ಅದೊಂದು ಪೋಸ್ಟರ್ ಮಾಡಿ. ಫೋಟೊ ಬೇಕು, ಆಯ್ತಾ? ಫೋಟೊ ಇಲ್ಲದೆ ಎಂತ ತೋರಿಸುವುದು?"

"ಸಾರ್, ಚಿತ್ರ ಬರಲಿಲ್ಲ. ಪ್ರಯೋಗ ಕೆಟ್ಟಿತು."

"ಅದು ಒಳಗಿನ ವಿಷಯ. ಅವರೆಂತ ಸೂಕ್ಷ್ಮದರ್ಶಕ ಹಿಡ್ಕೊಂಡು ಬರ್ತಾರಾ? ಮತ್ತೆ, ನಿಮ್ಮ ಆ ರೇಷ್ಮೆ ಹೆಂಗಸನ್ನೂ ಕರೀರಿ. ಗ್ರಾಮೀಣ ಮಹಿಳೆ ಅಂದ್ರೆ ಒಳ್ಳೆ ಅಂಕ."

ನನಗೆ ಅಸಹ್ಯವಾಯಿತು. ಅಸಹ್ಯವಾಯಿತು ಎಂದು ಬರೆಯುವುದು ಸುಲಭ. ಅಸಹ್ಯವಾದದ್ದನ್ನು ಮಾಡದೆ ಬಿಟ್ಟಿದ್ದರೆ ಅದಕ್ಕೊಂದು ಅರ್ಥವಿರುತ್ತಿತ್ತು. ನಾನು ಮಾಡಿದೆ. ಯಾರೂ ಕತ್ತು ಹಿಡಿದಿರಲಿಲ್ಲ. ಆ ಸಮಿತಿಯ ಮುಂದೆ ಪ್ರಯೋಗ ಕೆಟ್ಟವಳಾಗಿ ನಿಲ್ಲಲು ನನಗೆ ಇಷ್ಟವಿರಲಿಲ್ಲ, ಅಷ್ಟೇ.

ನಮ್ಮ ಲ್ಯಾಬಿನ ಕಪಾಟಿನಲ್ಲಿ, ಮಾಲೂರಿನ ಗುಜರಿ ಅಂಗಡಿಯಿಂದ ತಂದ ಒಂದು ಹಳೆಯ ಸ್ಕೋಪು ಇತ್ತು. ಕಾರ್ಖಾನೆಯವರು ಯಂತ್ರದ ಹೊಟ್ಟೆಯೊಳಗೆ ತೂರಿಸಿ ನೋಡುವಂಥದ್ದು. ಅದರಲ್ಲೂ ಸಾವಿರಾರು ಎಳೆಗಳಿವೆ, ಆದರೆ ಅಲ್ಲಿ ಒಂದೊಂದು ಎಳೆಯೂ ತನ್ನದೇ ಚುಕ್ಕಿ ಬೆಳಕನ್ನು ಒಯ್ಯುತ್ತದೆ. ಎರಡೂ ತುದಿಯಲ್ಲಿ ಒಂದೇ ಕ್ರಮದಲ್ಲಿ ಜೋಡಿಸಿರುತ್ತಾರೆ, ಚುಕ್ಕಿ ಸೇರಿ ಚಿತ್ರವಾಗುತ್ತದೆ. ನಮ್ಮದಕ್ಕೆ ತೀರ ವಿರುದ್ಧ. ಅದರ ಈ ತುದಿಗೆ 'ಅ' ಹಿಡಿದು ಆ ತುದಿಗೆ ಮೊಬೈಲಿಟ್ಟು ಫೋಟೊ ತೆಗೆದೆ. ಚೆಂದದ 'ಅ' ಬಂತು. ಹತ್ತಿರದಿಂದ ನೋಡಿದರೆ ಅಕ್ಷರದ ತುಂಬ ಜೇನುಗೂಡಿನಂಥ ಸಣ್ಣ ಸಣ್ಣ ಕಣ್ಣುಗಳು ಕಾಣುತ್ತಿದ್ದವು. ಯಾರು ಅಷ್ಟು ಹತ್ತಿರದಿಂದ ನೋಡುತ್ತಾರೆ? ದೊಡ್ಡದಾಗಿ ಮುದ್ರಿಸಿ, ಕೆಳಗೆ 'ಕ್ರಮರಹಿತ ಫೈಬರಿನಲ್ಲಿ ಹಾದುಬಂದ ಚಿತ್ರ' ಎಂದು ಹಾಕಿಸಿದೆ. ನನ್ನ ಕೈಯಾರೆ ಅಂಟಿಸಿದೆ.

ಆ ವಾರದ ಫೋನಿನಲ್ಲಿ ಅವಳು ಕೇಳುವ ಮೊದಲೇ ನಾನೇ ಹೇಳಿದೆ. "ಚಿಕ್ಕಮ್ಮ, ಅಕ್ಷರ ಬಂತು."

"ನಾನ್ ಬೆರೆಸಿದ್ರಾಗೇನಾ?"

"ಹೂಂ."

"ಅಂಗಾದ್ರೆ ನನ್ ಕೈ ತಪ್ಪಿಲ್ಲ?"

"ಇಲ್ಲ."

ಅವಳು ನಕ್ಕ ನಗೆ ಇನ್ನೂ ಕಿವಿಯಲ್ಲಿದೆ. ಎಷ್ಟೋ ತಿಂಗಳಿಂದ ಹಾಗೆ ನಕ್ಕಿರಲಿಲ್ಲ. ಕಾಲೇಜಿಗೆ ಬಾ, ದೊಡ್ಡವರೆಲ್ಲ ನಿನ್ನನ್ನು ನೋಡಬೇಕಂತೆ ಎಂದೆ. ಬರ್ತೀನಿ ಬರ್ತೀನಿ ಎಂದಳು. ನನ್ನ ಮನಸ್ಸಿಗೂ ಸಮಾಧಾನವಾಯಿತು. ಒಂದೇ ಸುಳ್ಳಿನಲ್ಲಿ ಕಾಲೇಜು, ಚಿಕ್ಕಮ್ಮ ಎರಡೂ ಸರಿಹೋಯಿತಲ್ಲ ಎಂದು ಆ ದಿನ ಹೋಳಿಗೆ ತಂದು ತಿಂದೆ. ಇಂಥ ಕೆಲಸ ಮಾಡಿದವಳಿಗೆ ಹೋಳಿಗೆ ಹೇಗೆ ರುಚಿಸಿತು ಎಂಬುದನ್ನು ನೆನೆದರೆ ಈಗ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಸಮಿತಿ ಬರುವ ದಿನ ಅವಳು ಬೆಳಿಗ್ಗೆ ಏಳರ ಬಸ್ಸಿಗೇ ಹೊರಟು ಬಂದಿದ್ದಳು. ನುಣ್ಣಗೆ ಬಾಚಿದ ತಲೆ, ಕನಕಾಂಬರ, ಮದುವೆಮನೆಗೆ ಉಡುವ ಹಸಿರು ರೇಷ್ಮೆ ಸೀರೆ. ಅವಳು ಬಿಚ್ಚಿದ ನೂಲು ಎಷ್ಟೋ ಸೀರೆಯಾಗಿದೆ, ಅವಳ ಹತ್ತಿರ ಇರುವುದು ಅದೊಂದೇ. ಪ್ರಾಂಶುಪಾಲರು ಕೈಮುಗಿದು ಅವಳನ್ನು ಪೋಸ್ಟರಿನ ಪಕ್ಕ ಒಂದು ಕುರ್ಚಿಯಲ್ಲಿ ಕೂರಿಸಿದರು. ಮೇಜಿನ ಮೇಲೆ ತೋರಿಕೆಗೆ ಒಂದು ಬುಟ್ಟಿ ಗೂಡು. ಸಮಿತಿಯ ಹಿರಿಯರು ಬಂದರು, ಮೈಸೂರು ಕಡೆಯವರು, ನಗುಮುಖ. ಹಿಂದೆ ಇನ್ನಿಬ್ಬರು. ಪ್ರಾಂಶುಪಾಲರು ಕ್ರಮವಿಲ್ಲದ ಕಡ್ಡಿಗಳನ್ನೂ ನಮ್ಮ ದೇಶದ ನಾನಾ ಜನರನ್ನೂ ಹೋಲಿಸಿ ಒಂದು ಭಾಷಣ ಮಾಡಿದರು. ಬೇರೆ ಬೇರೆಯಾಗಿದ್ದರೂ ಬೆಳಕು ಒಂದೇ ಎಂದರು. ಸಮಿತಿಯವರು ತಲೆ ಆಡಿಸಿದರು. ಆ ಮಾತಿನಷ್ಟು ಜಿಡ್ಡಿನ ಮಾತನ್ನು ನಾನು ಕೇಳಿಲ್ಲ. ಆದರೂ ನಾನೂ ತಲೆ ಆಡಿಸಿದೆ.

ಹಿರಿಯರು ಚಿಕ್ಕಮ್ಮನ ಕಡೆ ತಿರುಗಿ, "ನೋಡಿದಿರಾ ತಾಯಿ, ನಿಮ್ಮ ಕೈಕೆಲಸ?" ಎಂದರು. ಅವಳು ಅಲ್ಲಿಯವರೆಗೆ ಪೋಸ್ಟರನ್ನು ಸರಿಯಾಗಿ ನೋಡಿರಲಿಲ್ಲ, ದೊಡ್ಡವರ ಎದುರು ತಿರುಗಿ ನೋಡುವುದು ಹೇಗೆಂದು ಕೂತಿದ್ದಳು. ಈಗ ಎದ್ದು ಹತ್ತಿರ ಹೋದಳು. 'ಅ' ಅಕ್ಷರವನ್ನು ದೂರದಿಂದ ನೋಡಿ ನಕ್ಕಳು. ಇನ್ನೂ ಹತ್ತಿರ ಹೋದಳು. ಹೆಬ್ಬೆರಳನ್ನು ಚಿತ್ರದ ಮೇಲಿಟ್ಟು ನಿಧಾನವಾಗಿ ಅಡ್ಡಕ್ಕೆ ಎಳೆದಳು, ಆಮೇಲೆ ಓರೆಯಾಗಿ ಎಳೆದಳು. ಬೆರಳು ನಿಂತಿತು. ನಗು ಹೋಯಿತು. ನನ್ನ ಕಡೆ ತಿರುಗಿ ತೆಲುಗಿನಲ್ಲಿ, ಮೆಲ್ಲಗೆ ಹೇಳಿದಳು.

"ಇದಿ ನಾ ವರಸ ಕಾದೇ. ಎವರಿದಿ?"

ಇದು ನನ್ನ ಸಾಲಲ್ಲ ಕಣೇ, ಯಾರದಿದು, ಎಂದು. ಅವಳು ಇಟ್ಟದ್ದು ಚೌಕದ ಸಾಲು. ಇಲ್ಲಿದ್ದದ್ದು ಜೇನುಗೂಡಿನ ಓರೆಸಾಲು. ಸಮಿತಿಯವರಿಗೆ ಕಾಣದ್ದು, ಪ್ರಾಂಶುಪಾಲರು ಸೂಕ್ಷ್ಮದರ್ಶಕವಿಲ್ಲದೆ ಕಾಣದು ಎಂದದ್ದು, ಅವಳ ಹೆಬ್ಬೆರಳಿಗೆ ಒಂದು ಗಳಿಗೆಯಲ್ಲಿ ತಿಳಿಯಿತು. ನಮ್ಮ ಮನೆಗಳಲ್ಲಿ ಹೊರಗಿನವರ ಮುಂದೆ ಒಳಮಾತು ಆಡುವುದು ತೆಲುಗಿನಲ್ಲೇ. ಅಷ್ಟು ಜನರ ನಡುವೆ ನನ್ನ ಮಾನ ಹೋಗದಿರಲಿ ಎಂದು ಅವಳು ಆ ಭಾಷೆ ಆರಿಸಿಕೊಂಡಿದ್ದಳು.

"ಏನಂತಾರೆ ಅಮ್ಮ?" ಎಂದು ಹಿರಿಯರು ನನ್ನನ್ನು ಕೇಳಿದರು. ಪ್ರಾಂಶುಪಾಲರೂ ನನ್ನನ್ನೇ ನೋಡುತ್ತಿದ್ದರು.

"ತುಂಬಾ ಚೆನ್ನಾಗಿ ಬಂದಿದೆ ಅಂತಿದ್ದಾರೆ ಸಾರ್," ಎಂದೆ.

ಚಿಕ್ಕಮ್ಮನಿಗೆ ಕನ್ನಡ ಬರುತ್ತದೆ. ನನಗೆ ಬರುವಷ್ಟೇ ಬರುತ್ತದೆ. ಅವಳು ನನ್ನ ಮುಖ ನೋಡಿದಳು, ಬಹಳ ಹೊತ್ತೇನಲ್ಲ. ಆಮೇಲೆ ಹಿರಿಯರ ಕಡೆ ತಿರುಗಿ ಕೈಮುಗಿದು, "ಹೂಂ ಸ್ವಾಮಿ, ಚೆನ್ನಾಗೈತೆ," ಎಂದಳು.

ಅವರಿಗೆ ಬಹಳ ಸಂತೋಷವಾಯಿತು. ಚಿತ್ರದ ಪಕ್ಕ ಅವಳನ್ನು ನಿಲ್ಲಿಸಿ ಫೋಟೊ ತೆಗೆಸಿದರು. ಕೈಯನ್ನು ಅಕ್ಷರದ ಮೇಲಿಡಿ ತಾಯಿ ಎಂದರು, ಇಟ್ಟಳು. ಊಟ ಮಾಡಿಕೊಂಡು ಹೋಗು ಎಂದರೆ ಗೂಡು ನೆನೆಹಾಕಿ ಬಂದಿದ್ದೇನೆ ಎಂದು ಎರಡರ ಬಸ್ಸಿಗೆ ಹೊರಟುಹೋದಳು. ನಮ್ಮ ಕಾಲೇಜಿಗೆ ಒಳ್ಳೆಯ ದರ್ಜೆ ಬಂತು. ಆ ಫೋಟೊ ವರದಿಯಲ್ಲಿ ಅಚ್ಚಾಗಿದೆ.

ಅಂದಿನಿಂದ ಅವಳ ಫೋನು ಎಂಟು ದಿನಕ್ಕೊಮ್ಮೆ ತಪ್ಪದೆ ಬರುತ್ತದೆ. ಮಳೆ, ಮಾವು, ಸೊಂಟನೋವು. ಕೊನೆಗೆ ಬರುತ್ತಿದ್ದ ಆ ಪ್ರಶ್ನೆ ಮಾತ್ರ ಬರುವುದಿಲ್ಲ. ಮೊದಮೊದಲು ಬದುಕಿದೆ ಎನಿಸುತ್ತಿತ್ತು. ಆಮೇಲೆ ತಡೆಯಲಾಗಲಿಲ್ಲ. ಹೋದ ತಿಂಗಳು ತಾಯಲೂರಿಗೆ ಹೋದೆ. ಶೆಡ್ಡಿನೊಳಗೆ ಹೋಗಿ ತೊಟ್ಟಿಯ ಪಕ್ಕದ ಹಲಗೆಯ ಮೇಲೆ ಕೂತೆ. ನಾತಕ್ಕೆ ಕಣ್ಣಲ್ಲಿ ನೀರು ಬಂತು, ಎದ್ದೇಳಲಿಲ್ಲ. ಒಂದೊಂದಾಗಿ ಎಲ್ಲ ಹೇಳಿದೆ. ಅವಳ ಕಂತೆಯಲ್ಲಿ ಅಕ್ಷರ ಬರಲಿಲ್ಲ ಎಂದೆ. ಬೆರೆಸು ಎಂದು ನಾನು ಹೇಳಿದ ಮಾತು ತಪ್ಪು, ಅವಳು ಇಟ್ಟ ಸಾಲಿನಲ್ಲಿ ಒಂದು ಕಡ್ಡಿಯೂ ತಪ್ಪಿರಲಿಲ್ಲ, ಬೆಂಗಳೂರಿನ ಪ್ರೊಫೆಸರರೇ ಬೆರಗಾಗಿದ್ದರು ಎಂದೆ. ಕಾಲೇಜಿನ ಚಿತ್ರ ಗುಜರಿ ಸ್ಕೋಪಿನದು, ಅದನ್ನು ಅಂಟಿಸಿದವಳು ನಾನೇ ಎಂದೆ. ಎಲ್ಲವೂ ನಿಜ. ನಲವತ್ತು ವರ್ಷದ ಅವಳ ಕೈಗೆ ಸಲ್ಲಬೇಕಿದ್ದ ನಿಜ.

ಅವಳು ತೊಟ್ಟಿಯಿಂದ ಕಣ್ಣೆತ್ತದೆ ಎಳೆ ಹುಡುಕುತ್ತ ಪೂರ್ತಿ ಕೇಳಿಸಿಕೊಂಡಳು. ನಾನು ಮುಗಿಸಿದಾಗ ನನ್ನನ್ನು ನೋಡಿ, ಅವತ್ತು ಸಮಿತಿಯ ಹಿರಿಯರಿಗೆ ಹೇಳಿದಂತೆಯೇ, ಹೊರಗಿನವರಿಗೆ ಹೇಳುವಷ್ಟು ಮರ್ಯಾದೆಯಿಂದ, "ಹೂಂ ಕಣೇ, ಚೆನ್ನಾಗೈತೆ," ಎಂದಳು.